ಬೆರಳಿಟ್ಟು ಓದು

"ಬಿಚ್ಚಲೇ ಸೀರಿ. ಹೆಣಾ ಹೊತ್ತ ಮೈ ಹೆಂಗಿರತೈತಿ ನೋಡೂಣು."

ಜೈಲಿನ ದೊಡ್ಡ ಬಾಗಿಲ ಒಳಗೆ ಕಾಲಿಟ್ಟ ಮೇಲೆ ನಮ್ಮ ಕಿವಿಗೆ ಬಿದ್ದ ಮೊದಲ ಮಾತು ಇದು. ಅಂದವಳು ಸರಿತಾ ಮೇಡಮ್, ಹೆಂಗಸರ ಕೋಣೆಯ ಕಾವಲಿನವಳು. ಅರವತ್ತೈದು ದಾಟಿದ ಉದ್ದವ್ವ ಒಂದು ಕೈಯಿಂದ ಎದೆ ಮುಚ್ಚಿಕೊಂಡು ಇನ್ನೊಂದು ಕೈಯಿಂದ ಸೀರೆಯ ಸುತ್ತು ಬಿಚ್ಚುತ್ತಿದ್ದಳು. ನಮ್ಮ ಕೇರಿಯ ಲಕ್ಕವ್ವ ಹಲ್ಲು ಕಚ್ಚಿಕೊಂಡು ಒಳಗೊಳಗೇ ಬೈಯುತ್ತಿದ್ದಳು. ನಾನು ಮೂರನೆಯವಳು. ಹೊರಗೆ ಶಿವರಾತ್ರಿ ಕಳೆದ ಬಿಸಿಲಿತ್ತು. ಆದರೂ ನನ್ನ ಹಲ್ಲು ಕಟಕಟ ಬಡಿಯುತ್ತಿದ್ದವು.

"ಯಾವ ಹೆಗಲ ಮ್ಯಾಲ ಹೊತ್ತಿ? ಬಲದ್ದೋ ಎಡದ್ದೋ?"

"ಎರಡೂ ರಿ," ಅಂದಳು ಉದ್ದವ್ವ. "ದೂರ ಇತ್ರಿ. ಹೆಗಲ ಬದಲ್ಸಿ ಬದಲ್ಸಿ ಹೊತ್ವಿ."

ಸರಿತಾ ಮೇಡಮ್ ನಮ್ಮನ್ನು ಕೈಯಿಂದ ಮುಟ್ಟಲಿಲ್ಲ. ಲಾಠಿಯ ತುದಿಯಿಂದಲೇ ಕಂಕುಳು, ತುರುಬು, ತೊಡೆಸಂದು ಎಲ್ಲ ಹುಡುಕಿದಳು. ಮುಗಿದ ಮೇಲೆ ಆ ತುದಿಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಳು.

ನಾವು ಹೊತ್ತದ್ದು ಮರೆವ್ವನನ್ನು. ಆಕೆ ನನ್ನ ಅತ್ತೆ, ಉದ್ದವ್ವನ ಒಡಹುಟ್ಟಿದ ಅಕ್ಕ. ಕೇರಿಯ ಗಂಡಸರೆಲ್ಲ ಕಬ್ಬು ಕಡಿಯಲು ಸೋಲಾಪುರದ ಆಚೆ ಹೋಗಿದ್ದರು. ನನ್ನ ಗಂಡ ಭೀಮೇಶನಿಗೆ ಫೋನು ಮಾಡಿದರೆ, ಕೂಲಿಯವರನ್ನು ಗುತ್ತಿಗೆ ಹಿಡಿದ ಮುಕಾದಮ ಬಿಡುತ್ತಿಲ್ಲ ಅಂತ ಅತ್ತ. ಅತ್ತೆಯ ಹೊಟ್ಟೆ ಬಾತಿತ್ತು, ಹೆಣ ಮರುದಿನದವರೆಗೆ ಕಾಯುವಂತಿರಲಿಲ್ಲ. ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಹೋಗಬಾರದು ಅಂದವರು ಯಾರೂ ಅವತ್ತು ಹೊರಲು ಬರಲಿಲ್ಲ. ಕಂಬಳಿಯಲ್ಲಿ ಜೋಲಿ ಕಟ್ಟಿ, ಬಿದಿರಿಗೆ ತೂಗುಹಾಕಿ, ಇಬ್ಬಿಬ್ಬರು ಸರದಿಯ ಮೇಲೆ ಹೊತ್ತೆವು.

ದನದ ದಡ್ಡಿಯ ಆಚೆ, ಹೊಳೆದಂಡೆಯಲ್ಲಿ ನಮ್ಮವರನ್ನು ಹೂಳುತ್ತ ಬಂದ ಜಾಗವಿದೆ. ಶಿವಪುತ್ರಗೌಡರ ಕಬ್ಬು ವರ್ಷಕ್ಕೆ ಎರಡೆರಡು ಸಾಲು ಅದರೊಳಗೆ ನಡೆದು ಬಂದು, ಈ ವರ್ಷ ಪೂರ್ತಿ ನುಂಗಿತ್ತು. ಸುತ್ತ ತಂತಿಬೇಲಿ. ಗೌಡರು ಗಾಡಿಯ ಮೇಲೆ ಕೂತೇ ಮಾತಾಡಿದರು.

"ಹೆಂಗಸರು ಹೆಣಾ ಹೊತ್ಕೊಂಡ ಬಂದಾರಲಾ, ನಿಮ್ಮ ಗಂಡಸರೇನ ಬಳಿ ಇಟಗೊಂಡಾರೇನ್ಲೇ? ತಿರಗ್ರಿ ಹಿಂದ. ಹೊಲಗೇರಿ ಹೆಣಾ ಹುಗದ ನೆಲದಾಗಿನ ಬೆಲ್ಲ ಯಾರ ತಿಂತಾರ?"

"ನಮ್ಮವ್ವ, ನಮ್ಮಾಯಿ, ನನ್ನ ಎರಡ ಕೂಸು, ಎಲ್ಲಾರೂ ಇದರಾಗ ಅದಾರ್ರಿ ಗೌಡ್ರ," ಅಂದಳು ಉದ್ದವ್ವ. "ನೀವು ಆಗ್ಲೇ ತಿಂದೀರಿ."

ಬೇಲಿಯತನಕ ಬಂದಿದ್ದ ಕೇರಿಯ ಉಳಿದ ಹೆಂಗಸರು ಈ ಮಾತು ಕೇಳಿದ್ದೇ ಹಿಂದೆ ಸರಿದರು. ನಾವು ಮೂವರು ತಂತಿ ಎತ್ತಿ ಒಳಗೆ ನುಸುಳಿ, ನಾಲ್ಕು ಸಾಲು ಕಬ್ಬು ಕಿತ್ತು ಗುಂಡಿ ತೋಡಿದೆವು. ಹೂಳುವ ಮೊದಲು ಜೋಲಿಯ ಗಂಟು ಕೊಯ್ಯಲು ಲಕ್ಕವ್ವ ಸೊಂಟದಿಂದ ಕುಡಗೋಲು ತೆಗೆದಳು. ಗೌಡರು ಅದನ್ನು ಫೋನಿನಲ್ಲಿ ಹಿಡಿದರು. ಸಂಜೆಯ ಹೊತ್ತಿಗೆ ಪೊಲೀಸರ ಕಾಗದದಲ್ಲಿ ಅದು ಗೌಡರನ್ನು ಕೊಲ್ಲಲು ಬೀಸಿದ ಕುಡಗೋಲಾಗಿತ್ತು.

ಜೈಲಿನಲ್ಲಿ ನನ್ನನ್ನು ತಿಂದದ್ದು ಚಿಲಕದ ಸಪ್ಪಳ. ಕಬ್ಬಿಣದ ಅಗಳಿ ಸರಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ನನ್ನ ಹೆಸರು ಕರೆಯುತ್ತಾರೆ, ಏನೋ ಆಗಿದೆ ಅನ್ನುತ್ತಾರೆ, ಅದು ನನ್ನ ಮಗಳಿಗೇ ಆಗಿರುತ್ತದೆ. ರಾಧಿಕಾಗೆ ಎರಡೂವರೆ ವರ್ಷ. ಮೂಡಲಗಿಯಲ್ಲಿ ನನ್ನ ತವರಲ್ಲಿದ್ದಾಳೆ. ಇನ್ನೂ ನನ್ನ ಸೆರಗು ಬಾಯಲ್ಲಿಟ್ಟುಕೊಂಡೇ ಮಲಗುವವಳು. ಮೊದಲ ನಾಲ್ಕು ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಇಳಿದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಐದನೆಯ ದಿನ ನೀರಿನ ಕೊಡ ತೊಳೆಯುವ ಪಾಳಿ ನನ್ನದಾಗಿತ್ತು. ಅಲುಗಾಡುವ ಕೊಡದ ಕೆಳಗೆ ಒಂದು ಪುಸ್ತಕ ಆನಿಕೆ ಕೊಟ್ಟಿದ್ದರು. ರಟ್ಟಿಲ್ಲ, ಹೆಸರಿಲ್ಲ, ಬರೆದವರು ಯಾರೋ ಗೊತ್ತಿಲ್ಲ. ಹತ್ತೊಂಬತ್ತನೆಯ ಪುಟದಿಂದ ಶುರು. ಅಡಿ ನೆನೆದು ಊದಿಕೊಂಡಿತ್ತು. ಬಿಸಿಲಿಗೆ ಒಣಗಿಸಿ ನೋಡಿದರೆ ಕಾದಂಬರಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ನಾನು ಓದಿದ್ದು ಔಷಧದ ಚೀಟಿ ಮಾತ್ರ. ಕೂತು ಓದತೊಡಗಿದೆ.

"ನಿನ್ನಷ್ಟಕ ನೀ ಓದಿಕೊಂಡ್ರ ನಾವೇನ ಗ್ವಾಡಿ ನೋಡೂಣು?" ಅಂದಳು ಲಕ್ಕವ್ವ. "ದನಿ ತಗದ ಓದ."

ನಮ್ಮ ಕಡೆ ಕಥೆ ಹೇಳುವವರಿಗೆ ಯಾರಾದರೂ ಒಬ್ಬರು ಹೂಂ ಅನ್ನಬೇಕು. ಪ್ರತಿ ಮಾತಿಗೂ ಹೂಂ. ಹೂಂ ನಿಂತರೆ ಕಥೆಯೂ ನಿಂತಿತು ಅಂತಲೇ ಲೆಕ್ಕ. ಉದ್ದವ್ವ ತಾನಾಗಿಯೇ ಆ ಕೆಲಸಕ್ಕೆ ಕೂತಳು. ಜೊತೆಗೆ ಇನ್ನೊಂದು ಕರಾರು ಹಾಕಿದಳು.

"ಬಟ್ಟಿಟ್ಟ ಓದವಾ ಸಪ್ನಾ. ಆ ಹುಡುಗಿ ಈಗ ಎಲ್ಲಿ ಅದಾಳ ಅನ್ನೂದು ನನಗೂ ಕಾಣಲಿ."

ಹಾಗಾಗಿ ಒಂದೊಂದು ಸಾಲಿನ ಕೆಳಗೂ ಬೆರಳು ಸರಿಸುತ್ತ ಓದಿದೆ. ಕಾದಂಬರಿಯ ಹುಡುಗಿಯ ಹೆಸರು ಗಂಗೂ. ಒಬ್ಬ ಧಣಿಯ ದೊಡ್ಡ ಮನೆಯಲ್ಲಿ, ವಾಡೆಯಲ್ಲಿ, ಕಸಮುಸುರೆಯ ಆಳು. ವಾಡೆಯ ಮೇವಿನ ಬಣವೆಗೆ ಬೆಂಕಿ ಬಿತ್ತು. ಹಚ್ಚಿದವನು ನಿನ್ನ ತಮ್ಮ ಅಂತ ಹೇಳು ಎಂದು ಧಣಿ ಅವಳನ್ನು ಹಗೇವಿಗೆ ಇಳಿಸಿದ. ಹಗೇವು ಅಂದರೆ ಅಂಗಳದ ನೆಲದೊಳಗೆ ಜೋಳ ತುಂಬಲು ತೋಡಿದ ಗುಂಡಿ. ಮೇಲೆ ಕಲ್ಲು ಮುಚ್ಚಿದರು. ದಿನಕ್ಕೊಮ್ಮೆ ಕಲ್ಲು ಸರಿಸಿ ಹಗ್ಗದ ತುದಿ ತೋರಿಸುವರು. ಹೆಸರು ಹೇಳು, ಹಗ್ಗ ಬಿಡುತ್ತೇವೆ.

"ಹೂಂ," ಅಂದಳು ಉದ್ದವ್ವ.

"ಸೂಳೆಮಗನ ಹೊಟ್ಟಿಗೆ ಹುಳಾ ಬೀಳ," ಅಂದಳು ಲಕ್ಕವ್ವ.

'ಗಂಗೂಗೆ ಹೆದರಿಕೆಯಾಯಿತು' ಅಂತ ಪುಟಪುಟಕ್ಕೂ ಬರೆದಿತ್ತು. ಕಲ್ಲು ಸರಿದರೆ ಹೆದರಿಕೆ, ಸರಿಯದಿದ್ದರೆ ಹೆದರಿಕೆ. ಉಚ್ಚೆ ತಾನಾಗಿ ಹೋಗುತ್ತಿತ್ತು, ಅದನ್ನೂ ಬರೆದಿದ್ದರು. ಸಿನಿಮಾಗಳಲ್ಲಿ ಹೆದರದ ಹೆಂಗಸರನ್ನು ನೋಡಿದ್ದೆ, ಅವರಿಂದ ನನಗೆ ಏನೂ ಉಪಯೋಗ ಆಗಿರಲಿಲ್ಲ. ಇವಳು ಉಪಯೋಗಕ್ಕೆ ಬಂದಳು. ಇಷ್ಟು ಹೆದರಿಕೊಂಡೂ ಹೆಸರು ಹೇಳದೆ ಇರಬಹುದು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಆ ದಿನ ಎರಡು ಚಪಾತಿ ತಿಂದೆ, ಹೊಟ್ಟೆಯಲ್ಲಿ ನಿಂತವು.

ಒಂದು ಕಡೆ ಗಂಗೂ ಕತ್ತಲಲ್ಲಿ ಗೋಡೆ ಸವರುತ್ತ, ಈ ಹಗೇವು ತೋಡಿದವನು ನನ್ನ ಅಜ್ಜನೇ ಅಂತ ನೆನಪು ಮಾಡಿಕೊಳ್ಳುತ್ತಾಳೆ. ಅಲ್ಲಿ ಉದ್ದವ್ವ ಬೆರಳು ಹಿಡಿದು ನಿಲ್ಲಿಸಿ, ಅದೇ ಸಾಲನ್ನು ಮೂರು ಸಲ ಓದಿಸಿದಳು. ಲಕ್ಕವ್ವ ಎದ್ದು ಹೋಗಿ ಜೈಲಿನ ಗೋಡೆ ಮುಟ್ಟಿ ನೋಡಿದಳು.

"ಇದನ್ನ ಕಟ್ಟಿದವ್ರೂ ನಮ್ಮಂಥವ್ರ ಇರ್ಬೇಕ ಬಿಡ," ಅಂದಳು. "ಭಾಡ್ಯಾಗೋಳು ಗಟ್ಟಿ ಕಟ್ಟ್ಯಾರ."

ಬಹಳ ದಿನದ ಮೇಲೆ ನಾವು ನಕ್ಕೆವು. ಸರಿತಾ ಮೇಡಮ್ ಬಂದು ಸರಳಿಗೆ ಲಾಠಿ ಬಡಿದು, ಯಾವ ಹಡಬಿಟ್ಟೇರ್ಲೇ ನಗಾವ್ರು ಅಂದಳು.

ಉದ್ದವ್ವನ ಪಾಲಿಗೆ ಅದು ಕಟ್ಟುಕಥೆಯಲ್ಲ. ಅವಳ ಬದುಕಿನಲ್ಲಿ ಅಚ್ಚಾದ ಕಾಗದ ಅಂದರೆ ನೋಟೀಸು, ಸಮನ್ಸು, ರೇಷನ್ ಕಾರ್ಡು. ಅಚ್ಚು ಹಾಕಿದ್ದು ಸರ್ಕಾರದ್ದು, ಸರ್ಕಾರದ್ದರಲ್ಲಿ ಇರುವವರು ಎಲ್ಲೋ ಇದ್ದೇ ಇರುತ್ತಾರೆ. ಗಂಗೂ ಯಾವ ತಾಲೂಕಿನವಳು ಅಂತ ದಿನಾ ಕೇಳುವಳು. ಬರೆದಿಲ್ಲ ಅಂದರೆ, ಮುಂದಿನ ಹಾಳೆಯಲ್ಲಿರಬೇಕು ಅನ್ನುವಳು. ನಾನೂ ತಿದ್ದಲು ಹೋಗಲಿಲ್ಲ. ಅದೇ ತಪ್ಪಾಯಿತು.

ತಿಂಗಳಿಗೊಮ್ಮೆ ಜಡ್ಜ್ ಸಾಹೇಬರು ಜೈಲು ನೋಡಲು ಬರುತ್ತಾರೆ. ಅವತ್ತು ಹೊಸ ಚಾದರ ಹಾಸಿ, ನಮ್ಮನ್ನು ಸಾಲಾಗಿ ನಿಲ್ಲಿಸಿದ್ದರು. ಏನಾದರೂ ತೊಂದರೆ ಇದೆಯಾ ಅಂತ ಜಡ್ಜ್ ಕೇಳಿದರು. ಉದ್ದವ್ವ ಒಂದು ಹೆಜ್ಜೆ ಮುಂದೆ ಬಂದು ಕೈ ಮುಗಿದಳು.

"ನಮ್ಮದಿರ್ಲಿರಿ ಯಪ್ಪಾ. ಗಂಗೂ ಅನ್ನಾಕಿನ್ನ ಹಗೇದಾಗ ಮುಚ್ಚ್ಯಾರ. ಇಪ್ಪತ್ತ ದಿನ ಆತು. ಮದಲ ಅಕಿನ್ನ ಹೊರಗ ತಗಸ್ರಿ."

ಜಡ್ಜ್ ಗಾಬರಿಯಾದರು. ಯಾವ ಗಂಗೂ, ಯಾವ ಹಗೇವು, ಯಾವ ಊರು ಅಂತ ಬರೆದುಕೊಳ್ಳಲು ಶುರು ಮಾಡಿದರು. ಜೈಲರ್ ಸಾಹೇಬರ ಮುಖ ಬೆವರಿತು. ಕೊನೆಗೆ ನಾನೇ ಪುಸ್ತಕ ತೋರಿಸಿದೆ. ಜಡ್ಜ್ ನಗಲಿಲ್ಲ. ಉದ್ದವ್ವನ ಮುಖ ನೋಡಿ, ಕಾಗದ ಮಡಿಚಿ ಜೇಬಿಗಿಟ್ಟು ಹೋದರು. ನಕ್ಕವರು ಉಳಿದವರು.

ಅವರ ಕಾರು ಹೋದದ್ದೇ ಸರಿತಾ ಮೇಡಮ್ ಒಳಗೆ ಬಂದಳು. "ನನ್ನ ನೌಕರಿ ತಿನ್ನಾಕ ಹುಟ್ಟೀರೇನ್ಲೇ, ರಂಡೇರ?" ಅಂತ ನನ್ನ ಕೈಯಿಂದ ಪುಸ್ತಕ ಕಸಿದು, ಅರ್ಧಕ್ಕೆ ತೆರೆದು ಹಿಂದಿನ ಭಾಗವನ್ನೆಲ್ಲ ಒಮ್ಮೆಗೇ ಹರಿದಳು. ನಾವು ಇನ್ನೂ ಓದದ ಭಾಗ. ಹರಿದದ್ದನ್ನು ಚಹಾದ ಒಲೆಗೆ ಹಾಕಿದಳು. ಓದಿ ಮುಗಿದದ್ದನ್ನು ನಮ್ಮ ಮೇಲೆ ಎಸೆದಳು.

ಎರಡು ದಿನ ಯಾರೂ ಪುಸ್ತಕ ಮುಟ್ಟಲಿಲ್ಲ. ಗಂಗೂ ಹಗೇವಿನೊಳಗೇ ಉಳಿದಿದ್ದಳು. ಮೂರನೆಯ ದಿನ ಮಧ್ಯಾಹ್ನ ಉದ್ದವ್ವ ನನ್ನ ಮುಂದೆ ಬಂದು ಕೂತಳು.

"ಒಂದ ಹಾಳಿನೂ ಉಳದಿಲ್ಲೇನು?"

"ಒಂದ ಐತಿ ಸಣ್ಣತ್ತಿ," ಅಂದೆ. ಇರಲಿಲ್ಲ. ಓದಿದ ಪುಟವನ್ನೇ ತೊಡೆಯ ಮೇಲಿಟ್ಟುಕೊಂಡು, ಬೆರಳಿಟ್ಟು, ಬಾಯಿಗೆ ಬಂದದ್ದು ಓದಿದೆ. ಗಂಗೂ ಕೊನೆಗೆ ತಮ್ಮನ ಹೆಸರು ಹೇಳಿದಳು. ಹಗ್ಗ ಬಿಟ್ಟರು. ಮೇಲೆ ಬಂದಳು. ಮನೆಗೆ ಹೋಗಿ ತನ್ನ ಮಗುವನ್ನು ಎತ್ತಿಕೊಂಡಳು. ಅಷ್ಟು ಹೊತ್ತಿಗೆ ನನಗೇ ಅಳು ಬಂದಿತ್ತು. ಎಷ್ಟೋ ಹೊತ್ತಿನಿಂದ ಹೂಂ ಬಂದಿಲ್ಲ ಅನ್ನುವುದು ಆಮೇಲೆ ತಿಳಿಯಿತು.

"ಹಾಳಿ ತಿರುವಲಿಲ್ಲ ನೀ," ಅಂದಳು ಉದ್ದವ್ವ. "ಬಟ್ಟ ಒಂದ ಕಡೆನ ನಿಂತೈತಿ. ಅಕಿಗೆ ಕೂಸ ಇಲ್ಲ. ಕೂಸ ಇರೂದು ನಿನಗ."

ನಾನು ಪುಸ್ತಕ ಮುಚ್ಚಿದೆ.

"ಹೆದರಿಕಿ ಬಂದೈತಿ, ಬರಲಿ. ನನಗೂ ಬಂದೈತಿ, ದಿನಾ ಬರತೈತಿ. ಹೇಳೂದಿದ್ರ ಹೇಳತೇನಿ ಅಂತ ಹೇಳು, ಕೇಳತೇನಿ. ಓದತೇನಿ ಅಂದ್ರ ಓದ. ನನಗ ಅಕ್ಷರ ಬರಂಗಿಲ್ಲವಾ. ನಿನ್ನ ಬಟ್ಟ ಅಷ್ಟ ನನಗ ಕಾಣೂದು."

ಅದಾಗಿ ನಾಲ್ಕು ದಿನಕ್ಕೆ ಅಗಳಿ ಸರಿದು ನನ್ನ ಹೆಸರು ಕರೆದರು. ನನ್ನದೊಂದೇ ಹೆಸರು. ಸೆರಗು ಬಿಗಿದುಕೊಂಡು ನಡೆದೆ.

ಜೈಲರ್ ಸಾಹೇಬರ ಕೋಣೆಯಲ್ಲಿ ಪೊಲೀಸ್ ಠಾಣೆಯ ಫೌಜದಾರ ಕೂತಿದ್ದ, ನಮ್ಮನ್ನು ಹಿಡಿದು ತಂದವನು. ಮೇಜಿನ ಮೇಲೆ ಒಂದು ಕಾಗದ, ಮಸಿಯ ಡಬ್ಬಿ. ದನಿ ಬಹಳ ಮೆತ್ತಗಿತ್ತು.

"ಕುಂದರವಾ. ನೀ ಓದಿದಾಕಿ, ಶಾಣ್ಯಾಕಿ. ಇದಕ್ಕ ಮೂರೂ ಮಂದಿ ಒಪ್ಪಿಕೊಂಡ್ರ ಗೌಡ್ರು ಜಾಮೀನಿಗೆ ಅಡ್ಡ ಬರಂಗಿಲ್ಲ. ನಿಂದೊಂದ ಸಹಿ, ಆ ಎರಡ ಮುದಿ ದನದ್ದು ಹೆಬ್ಬಟ್ಟ. ಸೋಮವಾರ ಮನಿಗೆ."

ಕಾಗದ ಓದಿದೆ. ಇನ್ನೊಮ್ಮೆ ಓದಿದೆ.

"ಅವರು ಒಪ್ಪಂಗಿಲ್ರಿ," ಅಂದೆ.

"ಅವರಿಗೇನ ಓದಾಕ ಬರತೈತಿ? ಜಾಮೀನಿನ ಕಾಗದ ಅಂತ ನೀನ ಓದಿ ಹೇಳು. ನಿನ್ನ ಮಾತ ಕೇಳತಾರಂತಲಾ, ದಿನಾ ಅದೇನೋ ಓದತೀಯಂತ." ಫೌಜದಾರ ಚಹಾ ಕುಡಿದ. "ಮೂಡಲಗ್ಯಾಗ ನಿನ್ನ ತವರಮನಿ ಅಂಗನವಾಡಿ ಬಾಜೂಕ ಅಲ್ಲ? ಹಸರ ಬಾಗಲಾ. ಕೂಸ ಹೊರಗ ಒಂದೇ ಆಡತಿತ್ತು ನಿನ್ನೆ. ಹಂಗ ಬಿಡಬಾರದವಾ, ಗಾಡಿ ಗೀಡಿ ಬರತಾವು."

ಬಾಗಿಲು ಹಸಿರು ಬಣ್ಣದ್ದೇ. ದೀಪಾವಳಿಗೆ ನಾನೇ ಬಳಿದಿದ್ದೆ. ಆ ಕ್ಷಣ ನನ್ನೊಳಗೆ ಗಂಗೂ ಇರಲಿಲ್ಲ, ಅತ್ತೆ ಇರಲಿಲ್ಲ, ಯಾರೂ ಇರಲಿಲ್ಲ.

"ಹೂಂ ರಿ," ಅಂದೆ.

ಸರಿತಾ ಮೇಡಮ್ ಇಬ್ಬರನ್ನೂ ಕರೆತಂದಳು. ಉದ್ದವ್ವ ನೆಲದ ಮೇಲೆ ಕೂತಳು. ಫೌಜದಾರ ಹೇಳಿದ್ದೇ ತಡ, ಸರಿತಾ ಮೇಡಮ್ ಅವಳ ಎಡಗೈ ಹೆಬ್ಬೆರಳನ್ನು ಮಸಿಗೆ ಒತ್ತಿದಳು. ನಾನು ಕಾಗದ ಮುಖದ ಮಟ್ಟಕ್ಕೆ ಎತ್ತಿ ಹಿಡಿದುಕೊಂಡೆ, ಯಾರ ಕಣ್ಣೂ ನನಗೆ ಕಾಣಬಾರದು ಅಂತ.

"ಇದು ಜಾಮೀನಿನ ಕಾಗದ ಸಣ್ಣತ್ತಿ. ಸೋಮವಾರ ನಮ್ಮನ್ನ ಬಿಡತಾರಂತ ಬರದಾರ."

ಹೂಂ ಬರಲಿಲ್ಲ. ಮೇಲೆ ಫ್ಯಾನು ತಿರುಗುವ ಸಪ್ಪಳ.

"ಕೋರ್ಟಿಗೆ ಹಾಜರ ಆಗತೇವಿ ಅಂತ ಬರದಾರ."

ಬರಲಿಲ್ಲ.

"ಕೆಳಗ ಇಡವಾ," ಅಂದಳು ಉದ್ದವ್ವ. "ಬಟ್ಟಿಟ್ಟ ಓದ."

ಕಾಗದವನ್ನು ನೆಲದ ಮೇಲೆ ಹಾಸಿದೆ. ಬೆರಳಿಟ್ಟೆ. ಬೆರಳು ಎಷ್ಟು ನಡುಗುತ್ತಿತ್ತೆಂದರೆ ಸಾಲಿನ ಮೇಲೆ ನಿಲ್ಲಲೊಲ್ಲದು. ಉದ್ದವ್ವ ತನ್ನ ಬಲಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅವಳ ಕೈಯೂ ನಡುಗುತ್ತಿತ್ತು. ಎರಡೂ ಸೇರಿ ನಡುಗಿದವು. ಹಸಿರು ಬಾಗಿಲು ಕಣ್ಣ ಮುಂದೆಯೇ ಇತ್ತು. ನಾನು ಮೊದಲಿನಿಂದ ಓದಿದೆ.

"ನಾವುಗಳು ಈ ಕೆಳಗೆ ಸಹಿ ಹಾಗೂ ಹೆಬ್ಬೆಟ್ಟು ಮಾಡಿದವರು."

"ಹೂಂ," ಅಂದಳು ಉದ್ದವ್ವ.

"ಶ್ರೀ ಶಿವಪುತ್ರಗೌಡರ ಖಾಸಗಿ ಜಮೀನಿನಲ್ಲಿ ಮರೆವ್ವ ಎಂಬುವವಳ ಶವವನ್ನು ತಪ್ಪು ತಿಳಿವಳಿಕೆಯಿಂದ ಹೂತಿರುತ್ತೇವೆ."

"ಹೂಂ."

"ಏ, ಸಾಕು," ಅಂದ ಫೌಜದಾರ.

"ಸದರಿ ಜಾಗದಲ್ಲಿ ನಮ್ಮ ಜನಾಂಗದ ಸ್ಮಶಾನವು ಎಂದೂ ಇದ್ದಿರುವುದಿಲ್ಲ."

"ಹೂಂ." ಈ ಸಲ ಲಕ್ಕವ್ವನದೂ ಸೇರಿತು.

"ಸದರಿ ಶವವನ್ನು ಹೊರತೆಗೆದು ಬೇರೆಡೆಗೆ ಸಾಗಿಸಲು ನಮ್ಮದೇನೂ ತಕರಾರು ಇರುವುದಿಲ್ಲ."

"ಸದರಿ ಶವ ಅಂದ್ರ?" ಅಂತ ಕೇಳಿದಳು ಉದ್ದವ್ವ. "ನಮ್ಮಕ್ಕ ಏನು?"

"ಹೂಂ ಸಣ್ಣತ್ತಿ."

ಕೆನ್ನೆಗೆ ಬಿದ್ದ ಏಟಿಗೆ ನಾನು ಕಪಾಟಿಗೆ ಹೋಗಿ ಬಡಿದೆ. ಫೌಜದಾರ ಈಗ ಮೆತ್ತಗೆ ಮಾತಾಡುತ್ತಿರಲಿಲ್ಲ. ನನ್ನ ತಾಯಿಯಿಂದ ಶುರು ಮಾಡಿ ಕೇರಿಯ ಎಲ್ಲರ ತಾಯಂದಿರಿಗೂ ಬೈದ. "ಒತ್ತಲೇ ಆ ಮುದಿಕೀದು," ಅಂದ. ಸರಿತಾ ಮೇಡಮ್ ಉದ್ದವ್ವನ ರಟ್ಟೆ ಹಿಡಿದಳು. ಲಾಠಿಯಿಂದಲ್ಲ, ಕೈಯಿಂದಲೇ ಹಿಡಿದಳು. ಉದ್ದವ್ವ ಮಸಿಯ ಹೆಬ್ಬೆರಳನ್ನು ಎತ್ತಿ ಫೌಜದಾರನಿಗೆ ತೋರಿಸಿದಳು.

"ಕಳೆ ಕಿತ್ತ ಕಿತ್ತ ಗೆರಿ ಅಳಿಸ್ಯಾವ್ರಿ ಸಾಹೇಬ್ರ. ರೇಷನ್ ಅಂಗಡಿ ಮಶೀನಿಗೆ ಈ ಬಟ್ಟ ಹತ್ತವಲ್ದು. ಅಕ್ಕಿ ಕೊಡಾಕ ನಾ ಉದ್ದವ್ವ ಅಲ್ಲ ಅಂತೀರಿ. ಅಕ್ಕನ್ನ ಅಗದ ತಗ್ಯಾಕ ಮಾತ್ರ ಉದ್ದವ್ವ ಆಗತೇನ್ರಿ?"

ಹೆಬ್ಬೆರಳನ್ನು ಸೆರಗಿಗೆ ತಿಕ್ಕಿ ತಿಕ್ಕಿ ಒರೆಸಿದಳು. ಲಕ್ಕವ್ವ ಬಗ್ಗಿ ಕಾಗದ ಎತ್ತಿಕೊಂಡು ಬಾಯಿಗೆ ತುರುಕಿಕೊಂಡಳು. ಅವಳನ್ನು ಕೆಡವಿ ಗಲ್ಲ ಅಮುಕಿ ತೆಗೆಯುವಷ್ಟರಲ್ಲಿ ಅದು ಮುದ್ದೆಯಾಗಿತ್ತು.

"ಫೌಜದಾರ್ರ," ಅಂದರು ಜೈಲರ್ ಸಾಹೇಬರು, ಅಷ್ಟು ಹೊತ್ತು ಕಿಟಕಿ ನೋಡುತ್ತ ಕೂತವರು. "ಇಲ್ಲಿ ಕ್ಯಾಮೆರಾ ಐತ್ರಿ. ಜಡ್ಜ್ ಸಾಹೇಬ್ರು ಬ್ಯಾರೆ ಇವರ ಸುದ್ದಿ ಮ್ಯಾಲಿಂದ ಮ್ಯಾಲ ಕೇಳಾಕತ್ತಾರ."

ಫೌಜದಾರ ಟೊಪ್ಪಿಗೆ ಎತ್ತಿಕೊಂಡ. ಹೊರಗೆ ಹೋಗುತ್ತ ಫೋನು ಹಚ್ಚಿದ. ನಮಗೆ ಕೇಳಲಿ ಅಂತಲೇ ದೊಡ್ಡ ದನಿಯಲ್ಲಿ ಮಾತಾಡಿದ.

"ಗೌಡ್ರ, ಇವತ್ತ ಆಗಲಿಲ್ರಿ. ಜೆಸಿಬಿ ಹೊಳ್ಳಿ ಕಳಸ್ರಿ. ನಾಳಿ ಬ್ಯಾರೆ ಕಾಗದ ತರತೇನಿ." ಆಮೇಲೆ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ. "ನಾಳಿ ಮೂಡಲಗಿಗೂ ಹೋಗಿ ಬರತೇನಿ."

ಕೋಣೆಗೆ ಬಂದ ಮೇಲೆ ಲಕ್ಕವ್ವ ಗೋಡೆಗೆ ಮುಖ ಮಾಡಿ ಕೂತು ಅತ್ತಳು. "ಮನಿಗೆ ಹೋಗೂದಿತ್ತವಾ ನನಗ," ಅನ್ನುತ್ತಿದ್ದಳು. ಅವಳ ತುಟಿಗಳ ಸುತ್ತ ಮಸಿ ಹತ್ತಿತ್ತು. ನಾನು ಜಡ್ಜಿಗೆ ಬರೆಯಬೇಕು, ಭೀಮೇಶನಿಗೆ ಸುದ್ದಿ ಮುಟ್ಟಿಸಬೇಕು, ಅವ್ವನಿಗೆ ಕೂಸನ್ನು ಒಳಗಿಟ್ಟು ಅಗಳಿ ಹಾಕು ಅನ್ನಬೇಕು. ಒಂದಕ್ಕೂ ದಾರಿ ಇರಲಿಲ್ಲ. ಮೊಣಕಾಲು ಅಪ್ಪಿಕೊಂಡು ಕೂತೆ.

ಉದ್ದವ್ವ ಅರ್ಧ ಹರಿದ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. ನಾನು ಅದನ್ನು ತೆರೆಯಲಿಲ್ಲ.

"ಇದರಾಗ ಇಲ್ಲ ಸಣ್ಣತ್ತಿ. ಹೇಳತೇನಿ, ಓದಂಗಿಲ್ಲ."

"ಹೇಳು."

ಹೊರಗೆ ಅಗಳಿ ಸರಿಯಿತು. ಬೂಟಿನ ಸಪ್ಪಳ ನಮ್ಮ ಬಾಗಿಲತನಕ ಬಂದು ನಿಂತಿತು. ಮುಂದೆ ಹೋಗಲಿಲ್ಲ, ಹಿಂದೆಯೂ ಹೋಗಲಿಲ್ಲ. ನಾನು ತೊಡೆಯ ಮೇಲಿನ ಪುಸ್ತಕ ಬಿಗಿಯಾಗಿ ಹಿಡಿದುಕೊಂಡೆ.

"ಹೂಂ," ಅಂದಳು ಉದ್ದವ್ವ, ನಾನು ಏನೂ ಹೇಳುವ ಮೊದಲೇ.

ಗೋಡೆಯ ಕಡೆಯಿಂದ ಲಕ್ಕವ್ವನೂ ಅಂದಳು.